ಜೊಲ್ಲಿನ ಪರೀಕ್ಷೆ ಮತ್ತು ಮನೋರೋಗದ ಕೆಂಪು ಪಟ್ಟಿ

ಮನೆಗೇ ಕಿಟ್ ಕಳುಹಿಸಿ, ಜೊಲ್ಲಿನ ಮಾದರಿಯಿಂದ ಡಿಎನ್‌ಎ ಪರೀಕ್ಷಿಸಿ, ಮಧುಮೇಹದಿಂದ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗದವರೆಗೆ ಮುಂದೆ ಬರಬಹುದಾದ ಕಾಯಿಲೆಗಳ ಅಪಾಯವನ್ನು ತಿಳಿಸುತ್ತೇವೆನ್ನುವ ಖಾಸಗಿ ಸೇವೆಯೊಂದರ ಬಗೆಗಿನ ಅಭಿಪ್ರಾಯವಿದು. ನನ್ನ ತಮ್ಮ ಬಹಳ ವರ್ಷಗಳಿಂದ ಸ್ಕಿಜೋಫ್ರೀನಿಯಾಕ್ಕೆ ಚಿಕಿತ್ಸೆ ಪಡೆಯುತ್ತಿದ್ದಾನೆ. ಮಗಳಿಗೆ ಗಂಡು ನೋಡತೊಡಗಿದ ಮೇಲೆ "ಅದು ನಿಮ್ಮ ವಂಶದಲ್ಲೇ ಇದೆಯಂತೆ" ಎಂಬ ಮಾತು ಕಿವಿಗೆ ಬಿದ್ದು, ಆಕೆಯೇ ಈ ಪರೀಕ್ಷೆಗೆ ಮುಂದಾದಳು.

ಕೊರಿಯರ್, ಆಪ್, ಮಾದರಿ ಸಂಗ್ರಹದ ವಿವರಣೆ ಎಲ್ಲವೂ ಅಚ್ಚುಕಟ್ಟಾಗಿವೆ. ತಕರಾರಿರುವುದು ವರದಿಯ ಬಗ್ಗೆ. ಕೆಂಪು ಪಟ್ಟಿಯಲ್ಲಿ "ಹೆಚ್ಚಿನ ಅಪಾಯ" ಎಂದು ದಪ್ಪಕ್ಷರದಲ್ಲಿ ಅಚ್ಚುಹಾಕಿ, ಆಕೆಯ ಸ್ಕಿಜೋಫ್ರೀನಿಯಾ ಅಪಾಯದ ಅಂಕವು (ಡಿಎನ್‌ಎಯ ಅನೇಕ ತಾಣಗಳ ಪ್ರಭಾವವನ್ನು ಕೂಡಿಸಿದ ಮೊತ್ತ) ನೂರರಲ್ಲಿ 88 ಮಂದಿಗಿಂತ ಮೇಲಿದೆಯೆಂಬ ವಿವರಣೆಯನ್ನು ಅಡಿಯಲ್ಲಿ ಸಣ್ಣದಾಗಿ ಕೊಟ್ಟಿದ್ದಾರೆ. ನನ್ನ ಹೆಂಡತಿ ಅದನ್ನು ಶೇ. 88ರಷ್ಟು ಸಂಭವವೆಂದೇ ಓದಿಕೊಂಡು ಆ ರಾತ್ರಿ ಊಟ ಮಾಡಲಿಲ್ಲ. ಜನಸಾಮಾನ್ಯರಲ್ಲಿ ಈ ಕಾಯಿಲೆಯ ಸಂಭವ ನೂರಕ್ಕೆ ಸುಮಾರು ಒಂದು. ಅದು ಎರಡು ಮೂರು ಪಟ್ಟಾದರೂ ನೂರರಲ್ಲಿ 97 ಮಂದಿಗೆ ಕಾಯಿಲೆ ಬರುವುದಿಲ್ಲ. ಈ ಒಂದು ವಾಕ್ಯ ವರದಿಯಲ್ಲಿ ಎಲ್ಲಿಯೂ ಇಲ್ಲ.

ಸ್ಕಿಜೋಫ್ರೀನಿಯಾದಲ್ಲಿ ಅನುವಂಶೀಯತೆಯ ಪಾಲು ಶೇ. 80ರ ಆಸುಪಾಸಿನಲ್ಲಿದೆಯೆಂದು ಅವಳಿಗಳ ಅಧ್ಯಯನಗಳು ಅಂದಾಜಿಸಿರುವುದು ನಿಜ. ಆದರೆ ಅದು ಜನಸಮೂಹದೊಳಗಿನ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲೆಷ್ಟೆಂಬ ಲೆಕ್ಕವೇ ಹೊರತು ಒಬ್ಬ ವ್ಯಕ್ತಿಯ ಭವಿಷ್ಯದ ಲೆಕ್ಕವಲ್ಲ. ಸಮರೂಪಿ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆಯಿದ್ದರೂ, ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಸಂದರ್ಭಗಳಲ್ಲಿ ಇನ್ನೊಬ್ಬರಿಗೆ ಅದು ಬರುವುದಿಲ್ಲ. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವು ಈ ಕಾಯಿಲೆಯೊಂದಿಗೆ ನಂಟಿರುವ 287 ತಾಣಗಳನ್ನು ಡಿಎನ್‌ಎಯಲ್ಲಿ ಗುರುತಿಸಿತಾದರೂ ಒಂದೊಂದರ ಪ್ರಭಾವವೂ ಅತ್ಯಲ್ಪ. ಜೊತೆಗೆ ಅದರಲ್ಲಿ ಪಾಲ್ಗೊಂಡವರಲ್ಲಿ ಯೂರೋಪ್ ಮತ್ತು ಪೂರ್ವ ಏಷ್ಯಾ ಮೂಲದವರೇ ಬಹುಪಾಲು. ಅಂಥ ಮಾಹಿತಿಯನ್ನು ಆಧರಿಸಿದ ಅಂಕವು ಹಾಸನದ ಹುಡುಗಿಯೊಬ್ಬಳಿಗೆ ಎಷ್ಟರಮಟ್ಟಿಗೆ ಹೊಂದುತ್ತದೆಂಬುದನ್ನು ಮಾರುವವರು ಮೊದಲೇ ಹೇಳಬೇಕಿತ್ತು.

ಇನ್ನೂ ವಿಚಿತ್ರವೆಂದರೆ, ಒಂಟಿಯಾಗಿಯೇ ಅಪಾಯವನ್ನು ಬಹಳವಾಗಿ ಹೆಚ್ಚಿಸುವ ದೋಷವೊಂದರ ಪ್ರಸ್ತಾಪವೇ ವರದಿಯಲ್ಲಿಲ್ಲ. 22ನೇ ವರ್ಣತಂತುವಿನ ಚಿಕ್ಕ ತುಣುಕೊಂದು ಇಲ್ಲದೆ ಹುಟ್ಟಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮುಂದೆ ಸೈಕೋಸಿಸ್ (ಭ್ರಮೆಗಳಿಂದ ವಾಸ್ತವದ ಅರಿವು ತಪ್ಪುವ ಸ್ಥಿತಿ; ಸ್ಕಿಜೋಫ್ರೀನಿಯಾ ಇದರ ಒಂದು ಬಗೆ) ಕಾಣಿಸಿಕೊಳ್ಳುತ್ತದೆ. ಇದು ಅಪರೂಪದ ಸಂಗತಿಯಾದರೂ, ಪರೀಕ್ಷೆಯಿಂದ ನಿಜಕ್ಕೂ ಉಪಯೋಗವಾಗುವುದು ಇಂಥಲ್ಲಿಯೇ.

ಫೋನಿನಲ್ಲಿ ಮಾತನಾಡಿದ ಸಮಾಲೋಚಕಿ ಸೌಜನ್ಯವಂತೆ. ಆದರೆ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆಯಿದೆಯೇ ಎಂದು ಆಕೆ ಕೇಳಲಿಲ್ಲ. ದಿನಕ್ಕೆಷ್ಟು ಲೋಟ ಕಾಫಿ ಕುಡಿಯುತ್ತೀರಿ ಎಂದು ವಿಚಾರಿಸುವ ಅರ್ಜಿಯಲ್ಲಿಯೂ ಆ ಪ್ರಶ್ನೆಯಿಲ್ಲ! ತಮ್ಮನನ್ನು ನೋಡುವ ಮನೋವೈದ್ಯರು ಬಿಳಿ ಹಾಳೆಯ ಮೇಲೆ ಮೂರು ತಲೆಮಾರುಗಳ ವಂಶವೃಕ್ಷ ಬರೆದು, ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತೆಂದು ಕೇಳಿಕೊಂಡು, ತಂದೆ ಅಥವಾ ತಾಯಿಗೆ ಕಾಯಿಲೆಯಿದ್ದರೆ ಮಕ್ಕಳಿಗೆ ನೂರಕ್ಕೆ ಹತ್ತರಷ್ಟು, ಚಿಕ್ಕಪ್ಪನಿಗಿದ್ದರೆ ಎರಡರಿಂದ ನಾಲ್ಕರಷ್ಟು ಸಂಭವ ಎಂದು ಬಿಡಿಸಿ ಹೇಳಿದರು. ಗಾಂಜಾದಿಂದ ದೂರವಿರುವಂತೆಯೂ ಎಚ್ಚರಿಸಿದರು.

ಔಷಧಗಳ ಪುಟ ಮಾತ್ರ ಇಟ್ಟುಕೊಳ್ಳುವಂಥದ್ದು. ಉನ್ಮಾದ, ಖಿನ್ನತೆಗಳು ಬಂದುಹೋಗುವ ಬೈಪೋಲಾರ್ ಕಾಯಿಲೆಗೂ ಕೊಡುವ ಕಾರ್ಬಮಜೆಪೀನ್ ಕೆಲವರ ಚರ್ಮಕ್ಕೆ ತೀವ್ರ ಹಾನಿ ಮಾಡುವುದನ್ನು ಮುನ್ಸೂಚಿಸುವ, ರೋಗನಿರೋಧಕ ವ್ಯವಸ್ಥೆಗೆ ಸೇರಿದ ಎಚ್‌ಎಲ್‌ಎ ವಂಶವಾಹಿಯ ಫಲಿತಾಂಶ ಅದರಲ್ಲಿದೆ. ವೈದ್ಯರೂ ಅದರ ಪ್ರತಿಯನ್ನು ತೆಗೆದಿರಿಸಿಕೊಂಡರು. ಇದಕ್ಕಾಗಿ ಕಿಟ್ ಕೊಳ್ಳುವವರು ಕೊಳ್ಳಲಿ, ಆದರೆ ಮಾದರಿ ಕಳುಹಿಸುವ ಮುನ್ನ ಆಪ್‌ನಲ್ಲಿ "ಮಾನಸಿಕ ಆರೋಗ್ಯ" ಎಂಬ ವಿಭಾಗದ ಗುರುತನ್ನು ತೆಗೆದುಬಿಡಿ.