ಅಮೆರಿಕದ ಚಿಕ್ಕ ಖಾಸಗಿ ವಿಶ್ವವಿದ್ಯಾಲಯಕ್ಕೆ ಡಿಪಾಸಿಟ್ ಕಟ್ಟುವ ಮುಂಚೆ

ಹೆಸರೇ ಕೇಳಿರದ ಒಂದು ಪುಟ್ಟ ವಿಶ್ವವಿದ್ಯಾಲಯದಿಂದ "ನಿಮಗೆ ಅರ್ಧ ಫೀಸು ಸ್ಕಾಲರ್‌ಶಿಪ್" ಎಂಬ ಪತ್ರ ಬಂದು ಮನೆಮಂದಿಯೆಲ್ಲ ಹಿಗ್ಗಿ ಕೂತಿದ್ದೀರಾ? ಹಾಗಿದ್ದರೆ ಈ ಬರಹ ನಿಮಗೇ. ನಾನು ಅಂಥದ್ದೊಂದು ಕಡೆ ಎಂಎಸ್ ಮಾಡುತ್ತಿದ್ದಾಗ ನಮ್ಮ ವಿಭಾಗವನ್ನೇ ಮುಚ್ಚಿದರು. ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅದೊಂದನ್ನು ಬಿಟ್ಟು ಪಕ್ಕದ್ದಕ್ಕೆ ಅರ್ಜಿ ಹಾಕುತ್ತೀರಿ, ಅಲ್ಲೂ ಇದೇ ಕತೆ ನಡೆಯುತ್ತಿರಬಹುದು.

ಮೊದಲು ಆ ಸ್ಕಾಲರ್‌ಶಿಪ್ ವಿಷಯ. ಅಮೆರಿಕದ ಲಾಭರಹಿತ ಖಾಸಗಿ ಕಾಲೇಜುಗಳು ಪದವಿಗೆ ಹೊಸದಾಗಿ ಸೇರುವವರಿಗೆ ಈಗ ಸರಾಸರಿ ಅರ್ಧಕ್ಕಿಂತ ಹೆಚ್ಚೇ ಫೀಸು ಬಿಡುತ್ತಿವೆ. ಬರೆದಿಟ್ಟಿರುವ ಫೀಸು ಬರೀ ತೋರಿಕೆಗೆ. 2007ರಲ್ಲಿ ಆ ದೇಶದಲ್ಲಿ ಸುಮಾರು 43 ಲಕ್ಷ ಮಕ್ಕಳು ಹುಟ್ಟಿದ್ದರು. ಮರುವರ್ಷದ ಆರ್ಥಿಕ ಕುಸಿತದಿಂದೀಚೆಗೆ ಆ ಸಂಖ್ಯೆ ಮತ್ತೆ ಅಷ್ಟು ಎತ್ತರಕ್ಕೆ ಏರಲೇ ಇಲ್ಲ. ಕಾಲೇಜು ಸೇರುವ ವಯಸ್ಸಿನವರು ಕಡಿಮೆಯಾಗುತ್ತಿದ್ದಾರೆ ಎಂದಾಯಿತು. ದೊಡ್ಡ ದತ್ತಿನಿಧಿ ಇರುವ ಹೆಸರಾಂತ ವಿಶ್ವವಿದ್ಯಾಲಯಗಳಿಗೆ ಇದರಿಂದ ದೊಡ್ಡ ಚಿಂತೆಯಿಲ್ಲ. ಫೀಸಿನ ದುಡ್ಡಿನಲ್ಲೇ ಸಂಬಳ ಕೊಡಬೇಕಾದವರು ಮಾತ್ರ ಹೊರದೇಶದ ಎಂಎಸ್ ವಿದ್ಯಾರ್ಥಿಗಳ ಮೇಲೆ ಕಣ್ಣಿಡುತ್ತಾರೆ. ನಿಮ್ಮ ಪ್ರತಿಭೆಗೆ ಮೆಚ್ಚಿ ಕೊಟ್ಟಿದ್ದಾರೋ ಖಾಲಿ ಸೀಟು ತುಂಬಲು ಕೊಟ್ಟಿದ್ದಾರೋ ಎಂಬುದು ಪತ್ರ ನೋಡಿದರೆ ಗೊತ್ತಾಗುವುದಿಲ್ಲ.

ಹಾಗಂತ ಅಲ್ಲಿ ಓದಿದ್ದೇ ದಂಡ ಎನ್ನುವುದಿಲ್ಲ. ಕ್ಲಾಸಿನಲ್ಲಿ ಹತ್ತು ಜನವೂ ಇರುತ್ತಿರಲಿಲ್ಲ. ಮೇಷ್ಟ್ರುಗಳಿಗೆ ನಮ್ಮ ಹೆಸರಷ್ಟೇ ಅಲ್ಲ, ಯಾರಿಗೆ ಯಾವ ಅಧ್ಯಾಯ ಕಷ್ಟ ಎಂಬುದೂ ಗೊತ್ತಿತ್ತು. ಲೈಬ್ರರಿಯಾಕೆ ನಾನು ಕೇಳುವ ಮೊದಲೇ ಪುಸ್ತಕ ತೆಗೆದಿಟ್ಟಿರುತ್ತಿದ್ದರು. ಅಪಾಯ ಇರುವುದೂ ಇಲ್ಲೇ. ಇಷ್ಟು ಒಳ್ಳೆಯ ಜನ ಇರುವ ಜಾಗದ ಲೆಕ್ಕಪತ್ರ ಹದಗೆಟ್ಟಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಪಾಪ, ಆ ಮೇಷ್ಟ್ರುಗಳಿಗೂ ಪೂರ್ತಿ ಗೊತ್ತಿರಲಿಲ್ಲ.

ಲಕ್ಷಣಗಳು ಬೇಕಾದಷ್ಟಿದ್ದವು. ನಮ್ಮ ಕಾರಿಡಾರಿನಲ್ಲಿ ಪ್ರತಿ ಬಾಗಿಲ ಪಕ್ಕ ಒಂದು ಅಲ್ಯೂಮಿನಿಯಂ ಪಟ್ಟಿ. ಅದರೊಳಗೆ ಹೆಸರಿನ ಫಲಕವನ್ನು ಪಕ್ಕದಿಂದ ತೂರಿಸಿರುತ್ತಿದ್ದರು. ಒಬ್ಬೊಬ್ಬರೇ ಬಿಟ್ಟುಹೋದಂತೆ ಫಲಕ ಹೋಗಿ ಖಾಲಿ ಪಟ್ಟಿ ಉಳಿಯಿತು. ಆ ಜಾಗಕ್ಕೆ ಕಾಯಂ ನೇಮಕ ಆಗಲೇ ಇಲ್ಲ. ಅವರ ಪಾಠಗಳನ್ನು ಅಡ್ಜಂಕ್ಟ್‌ಗಳು, ಅಂದರೆ ಕೋರ್ಸಿಗಿಷ್ಟು ಅಂತ ದುಡ್ಡು ಪಡೆಯುವ ಅರೆಕಾಲಿಕ ಅಧ್ಯಾಪಕರು ಮಾಡತೊಡಗಿದರು. ಅವರಲ್ಲೊಬ್ಬರು ಮೂರು ಕಾಲೇಜುಗಳ ನಡುವೆ ಕಾರು ಓಡಿಸುತ್ತಿದ್ದರು. ಕುಳಿತುಕೊಳ್ಳಲು ಕೋಣೆಯಿಲ್ಲ, ತಿದ್ದಬೇಕಾದ ಪೇಪರುಗಳೆಲ್ಲ ಡಿಕ್ಕಿಯಲ್ಲಿ. ಕ್ಯಾಟಲಾಗಿನಲ್ಲಿ ಉದ್ದಕ್ಕೆ ಅಚ್ಚಾಗಿದ್ದ ಐಚ್ಛಿಕ ವಿಷಯಗಳಲ್ಲಿ ನಿಜವಾಗಿ ನಡೆಯುತ್ತಿದ್ದುದು ಒಂದೋ ಎರಡೋ.

ಆಮೇಲೆ ಒಂದು ಶುಕ್ರವಾರ ಸಂಜೆ ಇಮೇಲ್. "ಶೈಕ್ಷಣಿಕ ಆದ್ಯತೆಗಳ ಮರುಹೊಂದಾಣಿಕೆ" ಎಂಬಂಥ ನಯವಾದ ಮಾತು. ನಾಲ್ಕನೆಯ ಪ್ಯಾರಾಕ್ಕೆ ಬಂದಾಗ ನಮ್ಮ ವಿಭಾಗದ ಹೆಸರು. ಆನ್‌ಲೈನ್ ಸಭೆ ಕರೆದರು, ಚಾಟ್ ಬಂದ್ ಮಾಡಿಟ್ಟಿದ್ದರು. ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳಲು ಇದ್ದದ್ದು ಒಬ್ಬರೇ ಸಿಬ್ಬಂದಿ. ಕೆಲಸ ಹೋದವರ ಪಟ್ಟಿಯಲ್ಲಿ ಅವರೂ ಇದ್ದರು. ನಾನು ಕೊನೆಯ ಹಂತದಲ್ಲಿದ್ದೆನಾದ್ದರಿಂದ ಟೀಚ್-ಔಟ್ ಎಂಬ ವ್ಯವಸ್ಥೆಯಲ್ಲಿ, ಅಂದರೆ ಇರುವವರನ್ನು ಹೇಗೋ ದಡ ಮುಟ್ಟಿಸಿ ಬಾಗಿಲು ಹಾಕುವ ಏರ್ಪಾಟಿನಲ್ಲಿ, ಡಿಗ್ರಿ ಮುಗಿಸಿದೆ. ನನ್ನ ಅಡ್ವೈಸರ್ ಅಷ್ಟರಲ್ಲಿ ಬೇರೆ ರಾಜ್ಯದಲ್ಲಿ ಕೆಲಸ ಹಿಡಿದಿದ್ದರು. ಪ್ರಾಜೆಕ್ಟಿಗೆ ಸಹಿ ಹಾಕಿದವರಿಗೆ ಆ ವಿಷಯದ ಗಂಧಗಾಳಿ ಇರಲಿಲ್ಲ.

ನನ್ನ ನಂತರ ಸೇರಿದ ಬ್ಯಾಚಿನವರ ಪಾಡು ಬೇಡ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಓದುತ್ತಿರುವ ಕಡೆ ಓದು ನಿಂತರೆ ಸೆವಿಸ್ ದಾಖಲೆಯನ್ನು, ಅಂದರೆ ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಲ್ಲಿನ ಸರ್ಕಾರ ಇಡುವ ಕಂಪ್ಯೂಟರ್ ದಾಖಲೆಯನ್ನು, ಮಾನ್ಯತೆಯುಳ್ಳ ಇನ್ನೊಂದು ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿ ಹೊಸ ಐ-20 (ವಿಶ್ವವಿದ್ಯಾಲಯ ಕೊಡುವ, ವೀಸಾಕ್ಕೆ ಬೇಕಾದ ಪ್ರವೇಶ ಪತ್ರ) ಪಡೆಯಬೇಕು, ಇಲ್ಲವೇ ದೇಶ ಬಿಡಬೇಕು. ವರ್ಗಾವಣೆ ಸಿಕ್ಕರೂ ಓದಿದ್ದೆಲ್ಲ ಜೊತೆಗೆ ಬರುವುದಿಲ್ಲ. ಎಂಎಸ್ ಮಟ್ಟದಲ್ಲಿ 6ರಿಂದ 9 ಕ್ರೆಡಿಟ್‌ಗಿಂತ ಹೆಚ್ಚು ಒಪ್ಪದ ಕಡೆಗಳೇ ಬಹಳ. ಇಡೀ ಸಂಸ್ಥೆಯೇ ಮುಚ್ಚಿದರೆ ಅಮೆರಿಕದ ವಿದ್ಯಾರ್ಥಿಗಳಿಗೆ ಸರ್ಕಾರಿ ಶಿಕ್ಷಣ ಸಾಲ ಮನ್ನಾ ಕೇಳುವ ದಾರಿಯಾದರೂ ಇದೆ. ಮನೆ ಪತ್ರ ಒತ್ತೆಯಿಟ್ಟು ಊರಿನ ಬ್ಯಾಂಕಿನಲ್ಲಿ ತೆಗೆದ ಸಾಲಕ್ಕೆ ಆ ಸೌಲಭ್ಯವಿಲ್ಲ.

ನಮಗೆ ಕೊನೇಪಕ್ಷ ಸಮಯ ಸಿಕ್ಕಿತು. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ ಮುಚ್ಚುವ ಸುದ್ದಿ ಹೊರಬಿದ್ದದ್ದು 2024ರ ಮೇ 31ಕ್ಕೆ, ಬಾಗಿಲು ಹಾಕಿದ್ದು ಜೂನ್ 7ಕ್ಕೆ. ವಿದ್ಯಾರ್ಥಿ, ಅಧ್ಯಾಪಕರಲ್ಲಿ ಅನೇಕರಿಗೆ ವಿಷಯ ತಿಳಿದದ್ದೇ ಪತ್ರಿಕೆಯಿಂದ. ಹಳೆಯ ವಿದ್ಯಾರ್ಥಿಗಳು ಕೈಹಿಡಿದು ಉಳಿಸಿದ ಉದಾಹರಣೆಯೂ ಇದೆ: ವರ್ಜೀನಿಯಾದ ಸ್ವೀಟ್ ಬ್ರಯರ್ ಮಹಿಳಾ ಕಾಲೇಜು ಮುಚ್ಚುತ್ತೇವೆಂದು 2015ರ ಮಾರ್ಚ್‌ನಲ್ಲಿ ಘೋಷಿಸಿತು; ಹಳೆಯ ವಿದ್ಯಾರ್ಥಿನಿಯರು ಕೋರ್ಟ್ ಹತ್ತಿ, 1.2 ಕೋಟಿ ಡಾಲರ್ ಕೊಡಲು ಒಪ್ಪಿ, ಕಾಲೇಜನ್ನು ಉಳಿಸಿಕೊಂಡರು. ಆದರೆ ಅಲ್ಲಿ ತಲೆಮಾರುಗಳ ನಂಟಿತ್ತು. ನಮ್ಮಂಥ ಎರಡು ವರ್ಷದ ಎಂಎಸ್‌ನವರ ಹಳೆ ವಿದ್ಯಾರ್ಥಿ ಸಂಘ ಒಂದು ವಾಟ್ಸಾಪ್ ಗುಂಪು, ಅಷ್ಟೇ. ವಿಭಾಗ ಇಲ್ಲದಿದ್ದರೂ ದೇಣಿಗೆ ಕೇಳುವ ಪತ್ರ ಮಾತ್ರ ನನಗೆ ಇವತ್ತಿಗೂ ತಪ್ಪದೆ ಬರುತ್ತದೆ.

ಈಗ ಕೆಲಸದ ಮಾತು. ಲಾಭರಹಿತ ಖಾಸಗಿ ವಿಶ್ವವಿದ್ಯಾಲಯಗಳು ಅಮೆರಿಕದ ತೆರಿಗೆ ಇಲಾಖೆಗೆ ವರ್ಷವರ್ಷ ಫಾರ್ಮ್ 990 ಸಲ್ಲಿಸುತ್ತವೆ. ಅದು ಸಾರ್ವಜನಿಕ ದಾಖಲೆ. ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆಯ ಜಾಲತಾಣದಲ್ಲಿ ಹೆಸರು ಹುಡುಕಿದರೆ ಪುಕ್ಕಟೆ ಸಿಗುತ್ತದೆ. ಮೊದಲ ಪುಟದಲ್ಲೇ ಆದಾಯದಲ್ಲಿ ಖರ್ಚು ಕಳೆದ ಸಾಲು ಇರುತ್ತದೆ. ಸತತವಾಗಿ ಮೂರ್ನಾಲ್ಕು ವರ್ಷ ಅಲ್ಲಿ ಕೊರತೆ ಕಂಡರೆ ಹುಷಾರಾಗಿ. ದತ್ತಿನಿಧಿ ದೊಡ್ಡದಿದೆ ಎಂದು ನಂಬಿ ಕೂರಬೇಡಿ: ದಾನಿಗಳು ಷರತ್ತು ಹಾಕಿ ಕೊಟ್ಟ ಹಣ ಎಷ್ಟು, ಷರತ್ತಿಲ್ಲದ್ದು ಎಷ್ಟು ಎಂದು ಆಸ್ತಿಪಟ್ಟಿಯಲ್ಲಿ ಬೇರೆಬೇರೆ ತೋರಿಸಿರುತ್ತಾರೆ. ಷರತ್ತಿನ ಹಣದಲ್ಲಿ ಮನಬಂದಂತೆ ಸಂಬಳ ಕೊಡಲಾಗದು. ನಮ್ಮ ವಿಶ್ವವಿದ್ಯಾಲಯದ 990 ತೆಗೆದು ನೋಡಿದೆವು. ಇಮೇಲ್ ಬರುವುದಕ್ಕೆ ವರ್ಷಗಳ ಮುಂಚಿನಿಂದಲೂ ಕೊರತೆಯೇ. ಅಧ್ಯಕ್ಷರ ಸಂಬಳವೂ ಅದರಲ್ಲೇ ಇತ್ತು, ಅದಕ್ಕೆ ಕೊರತೆ ಇದ್ದಂತೆ ಕಾಣಲಿಲ್ಲ. ಲಾಭಕ್ಕಾಗಿ ನಡೆಯುವ ವಿಶ್ವವಿದ್ಯಾಲಯವಾದರೆ ಈ ಫಾರ್ಮ್ ಇರುವುದೇ ಇಲ್ಲ. ಅಂಥಲ್ಲಿಗೆ ಹೋಗುವುದಾದರೆ ನಾಲ್ಕು ಸಲ ಯೋಚಿಸಿ.

ಮಾನ್ಯತೆ ಕೊಡುವ ಸಂಸ್ಥೆಯ ತಾಣದಲ್ಲಿ, ಉದಾಹರಣೆಗೆ ಮಿಡಲ್ ಸ್ಟೇಟ್ಸ್ ಅಥವಾ ಹೈಯರ್ ಲರ್ನಿಂಗ್ ಕಮಿಷನ್‌ನದರಲ್ಲಿ, ನಿಮ್ಮ ವಿಶ್ವವಿದ್ಯಾಲಯದ ಎದುರು ವಾರ್ನಿಂಗ್, ಪ್ರೊಬೇಷನ್, ಶೋ ಕಾಸ್ ಎಂದೇನಾದರೂ, ಅಂದರೆ ಮಾನ್ಯತೆಗೆ ಕುತ್ತು ಬರಬಹುದೆಂಬ ಎಚ್ಚರಿಕೆ, ಇದೆಯೇ ನೋಡಿ. ಕನ್ಸಲ್ಟೆನ್ಸಿಯವರನ್ನು ಕೇಳಿ ಪ್ರಯೋಜನವಿಲ್ಲ, ಅನೇಕರಿಗೆ ಕಮಿಷನ್ ಬರುವುದೇ ವಿಶ್ವವಿದ್ಯಾಲಯದಿಂದ. ಅದರ ಬದಲು ನಿಮಗೆ ಬೇಕಾದ ವಿಷಯ ಕಲಿಸುವ ಪ್ರಾಧ್ಯಾಪಕರಿಗೇ ಬರೆದು, ಮುಂದಿನ ಎರಡು ವರ್ಷ ಆ ಕೋರ್ಸ್ ನಡೆಯುತ್ತದೆಯೇ, ಕಾಯಂ ಅಧ್ಯಾಪಕರು ಎಷ್ಟು ಜನ ಎಂದು ನೇರವಾಗಿ ಕೇಳಿ. ಉತ್ತರ ಬರದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈಗಾಗಲೇ ಅಲ್ಲಿದ್ದೀರಿ, ಬಾಗಿಲ ಪಕ್ಕ ಹೆಸರಿಲ್ಲದ ಖಾಲಿ ಪಟ್ಟಿಗಳು ಹೆಚ್ಚುತ್ತಿವೆ ಎಂದರೆ ಪ್ರತಿ ಕೋರ್ಸಿನ ಪೂರ್ತಿ ಸಿಲಬಸ್, ಒಪ್ಪಿಸಿದ ಅಸೈನ್‌ಮೆಂಟ್, ಪ್ರತಿ ಸೆಮಿಸ್ಟರಿನ ಅಧಿಕೃತ ಟ್ರಾನ್ಸ್‌ಕ್ರಿಪ್ಟ್, ಹಳೆಯ ಐ-20ಗಳು ಎಲ್ಲವನ್ನೂ ನಿಮ್ಮ ಸ್ವಂತ ಇಮೇಲಿಗೆ ಕಳಿಸಿಟ್ಟುಕೊಳ್ಳಿ. ಕ್ರೆಡಿಟ್ ವರ್ಗಾಯಿಸುವಾಗ ಸಿಲಬಸ್ ಕೇಳುತ್ತಾರೆ. ನಮ್ಮಲ್ಲಿ ಆ ಕೋರ್ಸ್ ಪುಟಗಳು ವಿಭಾಗದ ಜೊತೆಗೇ ಮಾಯವಾದವು, ವಿಶ್ವವಿದ್ಯಾಲಯದ ಇಮೇಲ್ ಖಾತೆಯೂ ಉಳಿಯಲಿಲ್ಲ.