ಮಡಚುವ ಏಡಿ ಪಾಟ್ ಸೆಟ್: ಬೋನಿಗೆ ಪೂರ್ತಿ ಅಂಕ, ಹಗ್ಗಕ್ಕೆ ಸೊನ್ನೆ

ಬೇಸಿಗೆ ಬಂತೆಂದರೆ ಸಿಯಾಟಲ್ ಕಡೆಯ ನಮ್ಮವರು ಕೇಳುವ ಪ್ರಶ್ನೆ ಒಂದೇ: ಏಡಿ ಹಿಡಿಯಲು ಯಾವ ಪಾಟ್, ಅಂದರೆ ಬೋನು, ತಗೊಳ್ಳೋದು? ನಾವು ಬಳಸುತ್ತಿರುವುದು ಅಂಗಡಿಯವರು ‘ಎಲ್ಲಾ ಸೇರಿ’ ಅಂತ ಒಂದೇ ಡಬ್ಬದಲ್ಲಿ ಮಾರುವ ಸೆಟ್. ಮಡಚುವ ತಂತಿ ಬೋನು, ಹಗ್ಗ, ಬೂಯಿ (ತಳದಲ್ಲಿರುವ ಬೋನಿನ ಜಾಗ ತೋರಿಸಲು ಹಗ್ಗದ ತುದಿಯಲ್ಲಿ ತೇಲುವ ಬುರುಡೆ), ಎರೆ ಡಬ್ಬಿ, ಅಳತೆಪಟ್ಟಿ ಎಲ್ಲ ಅದರಲ್ಲೇ ಬರುತ್ತದೆ. ಕೆಲವು ಸೀಸನ್ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಬೋನಿನ ಬಗ್ಗೆ ನನಗೆ ದೂರಿಲ್ಲ. ಹಗ್ಗದ ಬಗ್ಗೆ ಮಾತ್ರ ಹೇಳಲೇಬೇಕು.

ನಮ್ಮದು 14 ಅಡಿಯ ಹಳೇ ಅಲ್ಯೂಮಿನಿಯಂ ದೋಣಿ, ಹಿಂದೆ ಸಣ್ಣ ಔಟ್‌ಬೋರ್ಡ್ ಇಂಜಿನ್. ಎವರೆಟ್‌ನಲ್ಲಿ ನೀರಿಗಿಳಿಸಿ ಹ್ಯಾಟ್ ಐಲ್ಯಾಂಡ್ ಕಡೆ ಹೋಗುತ್ತೇವೆ. ಇಷ್ಟು ಚಿಕ್ಕ ದೋಣಿಯಲ್ಲಿ ಬೋನು ಮಡಚಿ ಚಪ್ಪಟೆ ಆಗುವುದು ದೊಡ್ಡ ಉಪಕಾರ. ಸೀಟಿನ ಕೆಳಗೆ ತಳ್ಳಿದರೆ ಮಕ್ಕಳಿಗೆ ಕಾಲು ಚಾಚಲು ಜಾಗ ಸಿಗುತ್ತದೆ. ತೂಕವೂ ಕಡಿಮೆ. ಪಾಟ್ ಎಳೆಯುವ ಮೋಟರ್‌ಗೆ ಅಷ್ಟು ದುಡ್ಡು ಹಾಕಲು ನನಗೆ ಮನಸ್ಸಿಲ್ಲ, ಕೈಯಲ್ಲೇ ಎಳೆಯುತ್ತೇವೆ. ಹಾಗಾಗಿ ಹಗುರ ಬೋನೇ ನಮಗೆ ಸರಿ.

ಈಗ ಹಗ್ಗದ ವಿಷಯ. ಸೆಟ್‌ನಲ್ಲಿ ಕೊಡುವುದು 100 ಅಡಿಯ ಹಳದಿ ಪಾಲಿಪ್ರೊಪಿಲೀನ್ ಹಗ್ಗ. ಅದು ನೀರಲ್ಲಿ ಮುಳುಗುವುದಿಲ್ಲ, ತೇಲುತ್ತದೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ನಿಯಮದಲ್ಲಿ ಹಗ್ಗ ಮೇಲೆ ತೇಲಬಾರದು, ಅದಕ್ಕೆ ಭಾರ ಇರಬೇಕು ಅಂತ ಸ್ಪಷ್ಟವಾಗಿದೆ. ಇದೇ ರಾಜ್ಯದ ಅಂಗಡಿಯಲ್ಲಿ, ಏಡಿ ಸೀಸನ್ ಶುರುವಾಗುವ ವಾರದಲ್ಲೇ, ಈ ಹಗ್ಗವನ್ನು ಪೇರಿಸಿಟ್ಟು ಮಾರುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ.

ತೇಲಿದರೆ ಏನಾಯ್ತು ಅಂತ ಕೇಳಬಹುದು. ನಾವು ಏಡಿ ಹಿಡಿಯುವ ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಚಾಚಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಕೆಲವು ದಿನ ಹತ್ತಡಿಗಿಂತ ಜಾಸ್ತಿ ವ್ಯತ್ಯಾಸ ಇರುತ್ತದೆ. ಉಬ್ಬರದಲ್ಲಿ ಬಿಟ್ಟ ಬೋನಿಗೆ ಇಳಿತದ ಹೊತ್ತಿಗೆ ಅಷ್ಟೂ ಹಗ್ಗ ಸಡಿಲ. ಸಡಿಲಾದದ್ದು ಬೂಯಿಯ ಸುತ್ತ ಹಾವಿನ ಹಾಗೆ ಹರಡಿಕೊಳ್ಳುತ್ತದೆ. ಪಕ್ಕದಲ್ಲಿ ಹೋಗುವ ದೋಣಿಯ ಪ್ರೊಪೆಲರ್‌ಗೆ ಸಿಕ್ಕಿತೋ, ಮುಗೀತು. ನಮ್ಮ ಒಂದು ಬೋನು ಹೋದದ್ದು ಹೀಗೇ. ಅರ್ಧ ಕೆಂಪು ಅರ್ಧ ಬಿಳಿಯ ನಮ್ಮ ಬೂಯಿ, ಅದರ ಮೇಲೆ ನನ್ನ ಹೆಸರು, ವಿಳಾಸ, ಎಲ್ಲ ಸಿಕ್ಕಿತು. ಕೆಳಗೆ ಮೊಳದಷ್ಟು ಹಗ್ಗ, ತುದಿ ಕುಂಚದಂತೆ ಬಿಚ್ಚಿಕೊಂಡಿತ್ತು.

ದುಡ್ಡು ಹೋದದ್ದಕ್ಕಿಂತ ಆ ದಿನ ನನ್ನನ್ನು ಕಾಡಿದ್ದು ತಳದಲ್ಲಿ ಉಳಿದ ಬೋನು. ಯಾರೂ ಎತ್ತದಿದ್ದರೂ ಅದು ಹಿಡಿಯುತ್ತಲೇ ಇರುತ್ತದೆ. ಒಳಗೆ ಬಂದ ಏಡಿ ಹಸಿದು ಸಾಯುತ್ತದೆ, ಸತ್ತ ಏಡಿಯ ವಾಸನೆಗೆ ಇನ್ನೊಂದು ಬರುತ್ತದೆ. ಪ್ಯೂಜೆಟ್ ಸೌಂಡ್‌ನಲ್ಲಿ ವರ್ಷಕ್ಕೆ ಸುಮಾರು 12,000 ಪಾಟ್ ಹೀಗೆ ಕಳೆದುಹೋಗುತ್ತವೆ ಎಂಬ ಅಂದಾಜಿದೆ. ಇದಕ್ಕೆ ಪರಿಹಾರ ಒಂದು ತುಂಡು ಹತ್ತಿ ದಾರ. ಬೋನಿನ ಮುಚ್ಚಳವನ್ನು ಹತ್ತಿ ದಾರದಿಂದ ಕಟ್ಟಿದರೆ ಕೆಲವು ವಾರಗಳಲ್ಲಿ ಅದು ಉಪ್ಪುನೀರಲ್ಲಿ ಕೊಳೆತು, ಮುಚ್ಚಳ ತೆರೆದುಕೊಳ್ಳುತ್ತದೆ. ನಿಯಮದಲ್ಲೂ ಇದು ಕಡ್ಡಾಯ. ಆದರೆ ‘ಎಲ್ಲಾ ಸೇರಿ’ ಡಬ್ಬದಲ್ಲಿ ಅದಿಲ್ಲ! ಮುಚ್ಚಳಕ್ಕೆ ರಬ್ಬರ್ ಪಟ್ಟಿ, ಅದರ ತುದಿಗೆ ಕೊಕ್ಕೆ, ಅಷ್ಟೇ. ಪುಣ್ಯಕ್ಕೆ ನಾವು ದಾರ ಬೇರೆಯಾಗಿ ತಂದು ಕಟ್ಟಿದ್ದೆವು.

ಈಗಲೂ ಹೊರಡುವ ಹಿಂದಿನ ರಾತ್ರಿ ನನ್ನ ಮೊದಲ ಕೆಲಸ ಅದೇ. ಗ್ಯಾರೇಜ್‌ನಲ್ಲಿ ಸ್ಟೂಲ್ ಹಾಕಿ ಕೂರುತ್ತೇನೆ. ಹಳೇ ದಾರವನ್ನು ಉಗುರಿನಿಂದ ಕೆರೆದು ನೋಡುತ್ತೇನೆ. ಎಳೆ ಮೆತ್ತಗಾಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಕತ್ತರಿಸಿ, ರಬ್ಬರ್ ಪಟ್ಟಿಗೂ ಕೊಕ್ಕೆಗೂ ನಡುವೆ ಹೊಸದು ಕಟ್ಟುತ್ತೇನೆ. ಗಂಟು ಚಿಕ್ಕದಿರಬೇಕು, ಒಂದೇ ಸುತ್ತು ಸಾಕು. ನಾಲ್ಕು ಸುತ್ತು ಸುತ್ತಿದರೆ ಕೊಳೆಯಲು ಸುಮ್ನೆ ತಡ. ಮಗಳು ಪಕ್ಕದಲ್ಲಿ ಕೂತು ಎರೆ ಡಬ್ಬಿಗೆ ಕೋಳಿ ಕಾಲು ತುಂಬುತ್ತಾಳೆ.

ಬೋನು ಕಳೆದ ಮೇಲೆ ಒಳಗೆ ಸೀಸ ಇರುವ, ಮುಳುಗುವ ಹಗ್ಗ ತಂದೆವು. ಉದ್ದವೂ ಜಾಸ್ತಿ, 80 ಅಡಿ ನೀರಿಗೆ 100 ಅಡಿ ಹಗ್ಗ ಸಾಲದು, ಸೆಳೆತ ಜೋರಾದರೆ ಬೂಯಿಯನ್ನೇ ಒಳಗೆ ಎಳೆದುಬಿಡುತ್ತದೆ. ಹಗುರ ಬೋನು ಸೆಳೆತಕ್ಕೆ ತಳದಲ್ಲಿ ಜರುಗದಿರಲೆಂದು ಬುಡಕ್ಕೆ ಕಬ್ಬಿಣದ ಸರಳಿನ ಎರಡು ತುಂಡು ಬಿಗಿದೆವು. ಅಷ್ಟೇ ನೋಡಿ, ಆಮೇಲೆ ಇದೇ ಬೋನು ಎಷ್ಟು ಚೆನ್ನಾಗಿ ಕೆಲಸ ಮಾಡಿತು! ಬಿಟ್ಟಲ್ಲೇ ಸಿಗುತ್ತದೆ. ತಂತಿಗೆ ತುಕ್ಕು ಹಿಡಿದಿಲ್ಲ, ಮನೆಗೆ ಬಂದ ತಕ್ಷಣ ಸಿಹಿನೀರಲ್ಲಿ ತೊಳೆದರೆ ಸಾಕು. ಸಣ್ಣ ಏಡಿ ಹೊರಗೆ ಹೋಗಲು ಇರುವ 4¼ ಇಂಚಿನ ಬಳೆಗಳೂ ಗಟ್ಟಿಯಾಗಿವೆ.

ಅಳತೆಪಟ್ಟಿ ಬರೀ ಪ್ಲಾಸ್ಟಿಕ್, ಆದರೆ ನನಗೆ ತುಂಬಾ ಇಷ್ಟ. ನಾವು ಹಿಡಿಯುವ ಡಂಜನೆಸ್ ಜಾತಿಯ ಏಡಿಯ ಬೆನ್ನಿನ ಎರಡು ಮೊನೆಗಳ ಒಳಬದಿಗೆ ಹಿಡಿದು ನೋಡಬೇಕು. 6¼ ಇಂಚು ಇರಬೇಕು, ಗಂಡಾಗಿರಬೇಕು, ಚಿಪ್ಪು ಗಟ್ಟಿ ಇರಬೇಕು. ತಿರುಗಿಸಿದರೆ ಹೊಟ್ಟೆಯ ಮಡಿಕೆ ಗಂಡಿಗೆ ಕಿರಿದು, ಹೆಣ್ಣಿಗೆ ಅಗಲ. ದಿನಕ್ಕೆ ಒಬ್ಬರಿಗೆ ಐದು. ಇಟ್ಟುಕೊಂಡ ಕೂಡಲೇ ಹಿಡಿದ ಏಡಿಯ ಲೆಕ್ಕ ಇಡುವ ಕಾರ್ಡ್‌ನಲ್ಲಿ ಬರೆಯಬೇಕು, ಆಮೇಲೇ ಬೋನು ಮತ್ತೆ ನೀರಿಗೆ. ನಮ್ಮಲ್ಲಿ ಪೆನ್ನು ಮಗಳ ಕೈಯಲ್ಲಿ.

ಗಂಗೊಳ್ಳಿಯಿಂದ ಅಮ್ಮ ಬಂದಿದ್ದಾಗ ಅವರನ್ನೂ ದೋಣಿಯಲ್ಲಿ ಕರೆದುಕೊಂಡು ಹೋಗಿದ್ದೆವು. ಬೋನಿನಲ್ಲಿದ್ದ ದೊಡ್ಡ ಹೆಣ್ಣೇಡಿಗಳನ್ನೆಲ್ಲ ನಾನು ನೀರಿಗೆ ಬಿಡುತ್ತಿದ್ದೆ. ಬೈಯುತ್ತಾರೆ ಅಂದುಕೊಂಡಿದ್ದೆ. ‘ಬಿಟ್ಟದ್ದ್ ಲಾಯ್ಕ್ ಆಯ್ತ್ ಮಗಾ’ ಅಂದರು. ರಾತ್ರಿ ಅವರೇ ತೆಂಗಿನಕಾಯಿ ಹುರಿದು ಏಡಿ ಸುಕ್ಕ ಮಾಡಿದರು.

ತಗೊಳ್ಳುವವರಿಗೆ ನನ್ನ ಮಾತು ಇಷ್ಟು. ಬೋನು ಬಿಡಿಯಾಗಿ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಸೆಟ್ ಮಾತ್ರ ಇದ್ದರೆ ಸೀಸದ ಹಗ್ಗ, ಸರಳು, ಹತ್ತಿ ದಾರದ ಖರ್ಚು ಸೇರಿಸಿ ಲೆಕ್ಕ ಹಾಕಿ. ಸೆಟ್‌ನ ಬೆಲೆಯ ಅರ್ಧದಷ್ಟು ಮೇಲೆ ಬೀಳುತ್ತದೆ. ಆ ಹಳದಿ ಹಗ್ಗವನ್ನು ನಾವು ಹಿತ್ತಲಿನ ಟೊಮೇಟೊ ಗಿಡಕ್ಕೆ ಕಟ್ಟಿದ್ದೇವೆ, ಅಲ್ಲಿಗೆ ಚೆನ್ನಾಗಿದೆ.