ರಾತ್ರಿ ಬಾಟಲಿ ಬಿಡಿಸಲು ತೆಗೆದುಕೊಂಡ ಎರಡು ವಾರದ ಸ್ಲೀಪ್ ಪ್ಯಾಕೇಜ್: ಬಿಟ್ಟಿದ್ದು ನಿಜ, ಆದರೆ ಕೆಲವು ದೂರುಗಳಿವೆ

ಮಗಳಿಗೆ ಇಪ್ಪತ್ತು ತಿಂಗಳು. ರಾತ್ರಿ ಮೂರು ಸಲ ಏಳುತ್ತಿದ್ದಳು, ಮೂರು ಸಲವೂ ಹಾಲಿನ ಬಾಟಲಿ ಬೇಕು. ಹನ್ನೊಂದಕ್ಕೆ 180 ಎಂಎಲ್, ಎರಡಕ್ಕೆ 150, ನಾಲ್ಕೂವರೆಗೆ ಇನ್ನೊಂದು 150. ಕೊಟ್ಟರೆ ಐದೇ ನಿಮಿಷದಲ್ಲಿ ನಿದ್ದೆ, ಕೊಡದಿದ್ದರೆ ಮನೆಮಂದಿಯೆಲ್ಲ ಎದ್ದು ಕೂರಬೇಕು. ನಾನೂ ಹೆಂಡತಿಯೂ ಸರದಿ ಮೇಲೆ ಎದ್ದು ಎದ್ದು ಸೋತುಹೋಗಿದ್ದೆವು. ಹಾಗಾಗಿ ಮಕ್ಕಳ ನಿದ್ದೆಯ ಬಗ್ಗೆ ಫೋನಿನಲ್ಲೇ ಸಲಹೆ ಕೊಡುವ ಸ್ಲೀಪ್ ಕನ್ಸಲ್ಟೆಂಟ್ ಒಬ್ಬರ ಎರಡು ವಾರದ ಪ್ಯಾಕೇಜ್ ತೆಗೆದುಕೊಂಡೆವು. ಅವರ ಹೆಸರು ಹೇಳುವುದಿಲ್ಲ. ಇಂಥ ಸೇವೆಗೆ ದುಡ್ಡು ಕೊಡುವ ಮೊದಲು ಏನು ನೋಡಬೇಕು ಅನ್ನೋದನ್ನು ಹೇಳುತ್ತೇನೆ.

ಮೊದಲು ಅವರು ಮಾಡಿಸಿದ್ದು ಮೂರು ದಿನದ ಲೆಕ್ಕ. ಯಾವಾಗ ಎದ್ದಳು, ಎಷ್ಟು ಕುಡಿದಳು, ಹಗಲು ಏನು ತಿಂದಳು, ಮಧ್ಯಾಹ್ನ ಎಷ್ಟು ಹೊತ್ತು ಮಲಗಿದಳು, ಎಲ್ಲ ಬರೆಯಬೇಕು. ಸುಮ್ನೆ ಕೆಲಸ ಕೊಡ್ತಿದ್ದಾರೆ ಅನ್ನಿಸಿತ್ತು. ಬರೆದ ಮೇಲೆ ನಮಗೇ ಕಂಡಿತು. ರಾತ್ರಿಯೊಂದರಲ್ಲೇ 480 ಎಂಎಲ್ ಹಾಲು ಹೊಟ್ಟೆಗೆ ಹೋದರೆ ಬೆಳಿಗ್ಗೆ ಹಸಿವು ಎಲ್ಲಿಂದ ಬರಬೇಕು? ತಿಂಡಿ ಮುಟ್ಟುವುದಿಲ್ಲ, ಮಧ್ಯಾಹ್ನ ಎರಡು ತುತ್ತು, ಆಮೇಲೆ ರಾತ್ರಿ ಹಾಲು. ಹಗಲು ತಿನ್ನಲ್ಲ ಪಾಪ ಅಂತ ನಾವು ರಾತ್ರಿ ಕೊಡುತ್ತಿದ್ದೆವು, ರಾತ್ರಿ ಕೊಡುತ್ತಿದ್ದರಿಂದ ಅವಳು ಹಗಲು ತಿನ್ನುತ್ತಿರಲಿಲ್ಲ.

ಇನ್ನೊಂದು ಮಾತನ್ನು ಅವರು ಚೆನ್ನಾಗಿ ವಿವರಿಸಿದರು. ಮಕ್ಕಳು ರಾತ್ರಿ ಹಲವು ಸಲ ಅರೆಬರೆ ಎಚ್ಚರವಾಗುತ್ತಾರೆ, ನಾವೂ ಆಗುತ್ತೇವೆ, ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ ಅಷ್ಟೆ. ಆದರೆ ಮಗು ಮೊದಲು ನಿದ್ದೆಗೆ ಜಾರುವಾಗ ಬಾಯಲ್ಲಿ ಬಾಟಲಿ ಇದ್ದರೆ, ಎಚ್ಚರವಾದಾಗಲೆಲ್ಲ ಅದನ್ನೇ ಹುಡುಕುತ್ತದೆ. ನಮ್ಮ ಮಗಳು ಕೇಳುತ್ತಿದ್ದದ್ದು ಹಾಲನ್ನಲ್ಲ, ನಿದ್ದೆಗೆ ಜಾರುವ ದಾರಿಯನ್ನು. ಇದು ಅರ್ಥವಾದ ಮೇಲೆ ನನಗೆ ಅವಳ ಮೇಲೆ ಬರುತ್ತಿದ್ದ ಸಿಟ್ಟು ಹೋಯಿತು.

ಅವರು ಕೊಟ್ಟ ಪ್ಲಾನ್ ಸರಳ. ಪ್ರತಿ ಎರಡು ರಾತ್ರಿಗೊಮ್ಮೆ ಒಂದೊಂದು ಬಾಟಲಿಯಲ್ಲೂ 30 ಎಂಎಲ್ ಕಡಿಮೆ ಮಾಡುತ್ತಾ ಬರುವುದು, 60ಕ್ಕೆ ಇಳಿದು ಎರಡು ರಾತ್ರಿ ಕಳೆದ ಮೇಲೆ ಪೂರ್ತಿ ನಿಲ್ಲಿಸುವುದು. ಮಲಗುವ ಮುಂಚಿನ ಹಾಲನ್ನು ಲೋಟದಲ್ಲಿ, ಬೆಳಕಿರುವ ಕೋಣೆಯಲ್ಲಿ, ಕೂತು ಕುಡಿಸುವುದು. ಆಮೇಲೆ ಹಲ್ಲುಜ್ಜಿ, ಚಿತ್ರದ ಪುಸ್ತಕ ಓದಿ, ದೀಪ ಆರಿಸುವುದು. ಹಲ್ಲುಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಇಲ್ಲ. ನಮ್ಮ ಮನೆಯಲ್ಲಿ ಒಂಬತ್ತನೇ ರಾತ್ರಿ ಪೂರ್ತಿ ಸೊನ್ನೆಗೆ ಬಂತು. ಅವತ್ತು ನಲವತ್ತು ನಿಮಿಷ ಅತ್ತಳು. ಪಕ್ಕದಲ್ಲೇ ಕೂತು ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದೆ, ಎತ್ತಿಕೊಳ್ಳು ಅಂದಾಗ ಎತ್ತಿಕೊಂಡೆ, ಬಾಟಲಿ ಮಾತ್ರ ಕೊಡಲಿಲ್ಲ. ಮರುದಿನ ಇಪ್ಪತ್ತೈದು ನಿಮಿಷ, ಅದರ ಮರುದಿನ ಹತ್ತು. ಹದಿಮೂರನೇ ರಾತ್ರಿ ಬೆಳಗಿನ ಐದೂಕಾಲರವರೆಗೆ ಮಲಗಿದ್ದಳು, ನಾವಿಬ್ಬರೂ ಗಾಬರಿಯಾಗಿ ಹೋಗಿ ಉಸಿರು ನೋಡಿ ಬಂದೆವು. ಆ ಬೆಳಿಗ್ಗೆ ತಟ್ಟೆ ಖಾಲಿ ಮಾಡಿದಳು.

ಈಗ ದೂರುಗಳು. ಮೊದಲನೆಯದೇ ದೊಡ್ಡದು. ಅವರ ಫಾರಂನಲ್ಲಿ ಮಗುವಿನ ತೂಕ ಕೇಳಿಲ್ಲ, ಡಾಕ್ಟರಿಗೆ ತೋರಿಸಿದ್ದೀರಾ ಅಂತಲೂ ಕೇಳಿಲ್ಲ. ತೂಕ ಕಡಿಮೆ ಇರುವ ಮಗುವಿಗೆ ರಾತ್ರಿ ಹಾಲು ನಿಲ್ಲಿಸಿದರೆ ಸರಿಯಾಗುತ್ತಾ? ನಾವೇ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ತೂಕ ನೋಡಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಬಾಯಿ ತೆರೆಸಿ ಮೇಲಿನ ಮುಂದಿನ ಹಲ್ಲುಗಳನ್ನು ನೋಡಿದರು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹಾಲಿನ ಸಕ್ಕರೆ ಹಲ್ಲಿನ ಮೇಲೆ ಹಾಗೇ ನಿಂತು ಬ್ಯಾಕ್ಟೀರಿಯಾ ಅದನ್ನು ಆಮ್ಲವಾಗಿ ಮಾಡುತ್ತದೆ, ಹುಳುಕು ಮೊದಲು ಹಿಡಿಯುವುದು ಸಾಮಾನ್ಯವಾಗಿ ಆ ಹಲ್ಲುಗಳಿಗೇ. ಹಾಲು ವಿಪರೀತ ಜಾಸ್ತಿಯಾದರೆ ಕಬ್ಬಿಣದ ಅಂಶವೂ ಕಡಿಮೆಯಾಗುತ್ತದೆ, ಏಕೆಂದರೆ ಹಾಲಿನಲ್ಲಿ ಅದು ತೀರಾ ಕಡಿಮೆ, ಬೇರೆ ಊಟಕ್ಕೆ ಹೊಟ್ಟೆಯಲ್ಲಿ ಜಾಗವೂ ಇರುವುದಿಲ್ಲ. ಬಾಟಲಿಯನ್ನು 12ರಿಂದ 18 ತಿಂಗಳೊಳಗೆ ಬಿಡಿಸುವುದು ಒಳ್ಳೆಯದು ಅನ್ನುವುದನ್ನೂ ಡಾಕ್ಟರೇ ಹೇಳಿದರು, ನಮಗೆ ಆಗಲೇ ಎರಡು ತಿಂಗಳು ತಡವಾಗಿತ್ತು. ದುಡ್ಡು ತೆಗೆದುಕೊಂಡವರು ಇದರಲ್ಲಿ ಅರ್ಧವನ್ನಾದರೂ ಹೇಳಬೇಕಿತ್ತು ಅಲ್ವಾ?

ಎರಡನೆಯದು, "ಯಾವ ಹೊತ್ತಿನಲ್ಲಾದರೂ ಮೆಸೇಜ್ ಮಾಡಿ" ಅಂದಿದ್ದರು. ರಾತ್ರಿ ಎರಡೂವರೆಗೆ, ಮಗು ಒಂದೇ ಸಮನೆ ಅಳುತ್ತಿದ್ದಾಗ ಮಾಡಿದೆ. ಉತ್ತರ ಬಂದದ್ದು ಬೆಳಿಗ್ಗೆ ಹತ್ತಕ್ಕೆ. ರಾತ್ರಿ ಸಹಾಯ ಇಲ್ಲದಿದ್ದರೆ ಇಲ್ಲ ಅಂತ ಮೊದಲೇ ಹೇಳಿಬಿಡಲಿ, ನಾವು ಬೇರೆ ತಯಾರಿ ಮಾಡಿಕೊಳ್ಳುತ್ತೇವೆ.

ನಾಲ್ಕನೇ ದಿನ ಬಾಗಿಲು ಹಾಕಿ ಅಳಲು ಬಿಡಿ ಅಂದರು. ಕೆಲವರಿಗೆ ಅದು ಸರಿಹೋಗಬಹುದು, ನಮಗೆ ಆಗಲಿಲ್ಲ. ಈ ವಯಸ್ಸಿನಲ್ಲಿ ಅಪ್ಪ ಅಮ್ಮ ಕಣ್ಣಿಗೆ ಕಾಣದಿದ್ದರೆ ಮಕ್ಕಳು ಹೆದರುವುದು ಮಾಮೂಲಿ. ಬೇಡ ಅಂದಾಗ ಅವರು ವಾದ ಮಾಡಲಿಲ್ಲ, ಪಕ್ಕದಲ್ಲಿ ಕೂರುವ ವಿಧಾನ ಹೇಳಿಕೊಟ್ಟರು, ಅದಕ್ಕೆ ಅವರಿಗೆ ನಿಜವಾಗಿ ಥ್ಯಾಂಕ್ಸ್. ಪ್ಯಾಕೇಜಿನ ಜೊತೆ ಒಂದು ವೈಟ್ ನಾಯ್ಸ್ ಮೆಷಿನ್ (ನಿದ್ದೆ ಬರಲಿ ಅಂತ ಒಂದೇ ಸಮನೆ ಸದ್ದು ಮಾಡುವ ಯಂತ್ರ) ಕೂಡ ಕಳಿಸಿದ್ದರು, ಅದರ ಚೀಟಿಯಲ್ಲಿ ದಿಂಬಿನ ಹತ್ತಿರ ಇಡಿ ಅಂತ ಬರೆದಿತ್ತು. ದಯವಿಟ್ಟು ಇಡಬೇಡಿ. ಮಗುವಿನಿಂದ ಕನಿಷ್ಠ 2 ಮೀಟರ್ ದೂರ ಇರಲಿ, ಶಬ್ದವೂ ಸಣ್ಣದಿರಲಿ, ಕಿವಿಯ ವಿಷಯ ಇದು. ನಾವು ಅದನ್ನು ಬಳಸಲೇ ಇಲ್ಲ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಇಬ್ಬರೂ ಸೇರಿ ಒಂದು ಪ್ಲಾನಿಗೆ ಗಟ್ಟಿಯಾಗಿ ನಿಲ್ಲಬಲ್ಲವರಾದರೆ ಲೆಕ್ಕದ ಹಾಳೆ, 30 ಎಂಎಲ್ ಇಳಿಕೆ, ಒಂದು ಲೋಟ, ಇಷ್ಟರಲ್ಲೇ ಮನೆಯಲ್ಲೇ ಮಾಡಬಹುದು, ಡಾಕ್ಟರಿಗೆ ಮೊದಲು ತೋರಿಸಿಕೊಂಡರೆ ಸಾಕು. ಅವತ್ತಿನ ಸ್ಥಿತಿಯಲ್ಲಿ ನಮಗೆ ಹೊರಗಿನವರೊಬ್ಬರು ಬೇಕಿತ್ತು, ಏಕೆಂದರೆ ಒಬ್ಬರು ಗಟ್ಟಿಯಾದರೆ ಇನ್ನೊಬ್ಬರು ಕರಗಿ ಬಾಟಲಿ ತರುತ್ತಿದ್ದೆವು.

ಪ್ಯಾಕೇಜ್ ಮುಂದುವರಿಸಿ ಅಂತ ಫೋನ್ ಬಂದಿತ್ತು, ಬೇಡ ಅಂದೆವು. ಹೋದ ವಾರ ಮಗಳಿಗೆ ನೆಗಡಿಯಾಗಿ ಮೂಗು ಕಟ್ಟಿತು, ಎರಡು ಸಲ ಎದ್ದಳು. ಅವರ ಪ್ಲಾನಿನಲ್ಲಿ ಮಗು ಹುಷಾರಿಲ್ಲದಾಗ ಏನು ಮಾಡಬೇಕು ಅಂತ ಒಂದು ಸಾಲೂ ಇರಲಿಲ್ಲ. ಲೋಟದಲ್ಲಿ ಎರಡು ಗುಟುಕು ನೀರು ಕೊಟ್ಟು ಹೆಗಲ ಮೇಲೆ ಹಾಕಿಕೊಂಡೆ, ಬಾಟಲಿ ಕೇಳದೆ ಹಾಗೇ ನಿದ್ದೆಹೋದಳು.